ಕಜ್ಜಿ ಬಾರದ ಹೊಲ

ಹಳೇಕೋಟೆಯ ಆ ಹೊಲದಲ್ಲಿ ಮೊದಲ ಸಾಲಿನ ಆಲೂಗೆಡ್ಡೆ ಕಿತ್ತಾಗ ಸುತ್ತ ನಿಂತವರೆಲ್ಲ ಖುಷಿಪಟ್ಟರು. ಗೆಡ್ಡೆಗಳು ತೊಳೆದಿಟ್ಟ ಹಾಗಿದ್ದವು. ಒಂದು ಚುಕ್ಕೆ ಇಲ್ಲ, ಒಂದು ಹುರುಕಿಲ್ಲ. ನಾನು ಎರಡನೆಯ ಸಾಲು ಕೀಳಿಸಿದೆ, ಮೂರನೆಯದು ಕೀಳಿಸಿದೆ. ಕೊನೆಗೆ ತಡೆಯಲಾರದೆ, ಹೋಲಿಕೆಗೆಂದು ಹಾಕಿದ್ದ ಸಾಲಿಗೆ ಹೋಗಿ ನಾನೇ ಮಣ್ಣು ಬಗೆದೆ. ಅಲ್ಲೂ ನುಣುಪಾದ ಗೆಡ್ಡೆಗಳೇ ಸಿಕ್ಕವು. ಬದುವಿನ ಮೇಲೆ ನಿಂತಿದ್ದ, ಹಾಸನದ ನಮ್ಮ ಆಲೂಗೆಡ್ಡೆ ಸಂಶೋಧನಾ ಕೇಂದ್ರದ ಸಸ್ಯರೋಗಶಾಸ್ತ್ರಜ್ಞರು ನನ್ನ ಮುಖ ನೋಡಿದವರೇ ಅಲ್ಲೇ ಕುಳಿತುಬಿಟ್ಟರು.

ಹೊಲದ ಯಜಮಾನಿಗೆ ಇದು ಅರ್ಥವಾಗಲಿಲ್ಲ. ಐವತ್ತು ದಾಟಿದ ಹೆಂಗಸು, ಬೇಸಾಯದ ಮಾತೆಲ್ಲ ಆಕೆಯದೇ. ಗಂಡ ಹೆಚ್ಚು ಬಾಯಿ ಬಿಡುವವರಲ್ಲ. ಆಕೆ ಮಡಿಲು ತುಂಬ ಗೆಡ್ಡೆ ಆಯ್ದುಕೊಂಡು ನನ್ನ ಹತ್ತಿರ ಬಂದರು.

"ಏನ್ ಮೇಡಮ್ಮೋರೆ, ಕಜ್ಜಿ ಬರ್ನಿಲ್ಲ ಅಂತ ಮೊಕ ಸಪ್ಪಗ್ ಮಾಡ್ಕಂಡ್ರಲ್ಲ. ಬಂದಿದ್ರೆ ನಗ್ತಿದ್ರಾ?"

ಹೌದು ಎಂದು ಹೇಳುವುದು ಹೇಗೆ? ಹೋಲಿಕೆಯ ಸಾಲಿನಲ್ಲಿ ನಾವು ಬೇಕೆಂದೇ ಕಜ್ಜಿಗೆ ಬೇಗ ತುತ್ತಾಗುವ ತಳಿಯನ್ನು ಹಾಕಿರುತ್ತೇವೆ. ಅದಕ್ಕೆ ಕಜ್ಜಿ ಹತ್ತಿ, ಪಕ್ಕದ ಹೊಸ ತಳಿಗೆ ಹತ್ತದಿದ್ದರೆ ಮಾತ್ರ ಹೊಸದಕ್ಕೆ ತಡೆಯುವ ಶಕ್ತಿ ಇದೆ ಎನ್ನಬಹುದು. ಅದೇ ಚೊಕ್ಕಟವಾಗಿ ಬಂದರೆ ಆ ವರ್ಷ ರೋಗವೇ ಬರಲಿಲ್ಲ ಎಂದರ್ಥ. ಪರೀಕ್ಷೆಯೇ ನಡೆಯದ ಶಾಲೆಯಲ್ಲಿ ಎಲ್ಲರೂ ಪಾಸಾದ ಹಾಗೆ. ಇಷ್ಟನ್ನೂ ಆಕೆಗೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡರು. ಆಮೇಲೆ, ಈ ಹೊಲದಲ್ಲಿ ನಾಲ್ಕು ಬೆಳೆ ಹಿಂದೆ ಒಂದು ಗೆಡ್ಡೆಯೂ ಕಜ್ಜಿ ಇಲ್ಲದೆ ಬಂದಿರಲಿಲ್ಲ, ಹಾಸನದ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಮೂಟೆ ಬಿಚ್ಚಿ ನೋಡಿ ಪಕ್ಕಕ್ಕೆ ಸರಿಸಿದ್ದರು, ಅದಕ್ಕೇ ಆಲೂಗೆಡ್ಡೆ ಕೈಬಿಟ್ಟು ಜೋಳ ಹಾಕಿದ್ದೆವು ಎಂದರು. ಆ ಸುದ್ದಿ ಮೊದಲೇ ಕಿವಿಗೆ ಬಿದ್ದಿದ್ದರಿಂದಲೇ ನಾವು ಅವರ ಹೊಲ ಹುಡುಕಿಕೊಂಡು ಹೋಗಿದ್ದು. ನಾವು ಹೋದ ವರ್ಷವೇ ಮಳೆ ಬಿಡದೆ ಸುರಿಯಿತು. ಕಜ್ಜಿಯ ಸೂಕ್ಷ್ಮಾಣುವಿಗೆ ಒಣ ಮಣ್ಣು ಬೇಕು. ಗೆಡ್ಡೆ ಕಟ್ಟಲು ಶುರುವಾಗಿ ಸುಮಾರು ಒಂದು ತಿಂಗಳು, ಎಳೆಯ ಸಿಪ್ಪೆ ಇರುವಾಗ ಮಣ್ಣು ಒಣಗಿದ್ದರೆ ಅದು ಒಳಗೆ ಇಳಿಯುತ್ತದೆ. ಆ ತಿಂಗಳು ಮಣ್ಣು ಹಸಿಯಾಗಿದ್ದರೆ ಸುಮ್ಮನೆ ಮಲಗಿರುತ್ತದೆ.

ನಮ್ಮ ಕೈಯಲ್ಲಿ ಆಗ ಮೂವತ್ತರಷ್ಟು ತಳಿಗಳಿದ್ದವು. ಹಾಸನದ ಚಿಕ್ಕ ಹಗಲಿಗೆ ಆಲೂಗೆಡ್ಡೆ ಹೂ ಬಿಟ್ಟರೂ ಕಾಯಿ ಕಚ್ಚುವುದು ಅಪರೂಪ. ಹಾಗಾಗಿ ಸಂಕರದ ಕೆಲಸ ನಡೆಯುವುದು ದೂರದ ಬೆಟ್ಟದ ಕೇಂದ್ರದಲ್ಲಿ. ಅಲ್ಲಿಂದ ಬರುವ ಬೀಜ ಟೊಮೆಟೊ ಬೀಜಕ್ಕಿಂತ ಸಣ್ಣದು. ಒಂದೊಂದು ಬೀಜದಿಂದಲೂ ಬೇರೆಬೇರೆ ಗುಣದ ಗಿಡ ಹುಟ್ಟುತ್ತದೆ. ಸಾವಿರಾರು ಸಸಿಗಳಿಂದ ಆರಿಸಿ, ಬಿಸಾಡಿ, ಮತ್ತೆ ಆರಿಸಿ ವರ್ಷಗಟ್ಟಲೆ ಕಳೆದ ಮೇಲೆ ಉಳಿದ ಮೂವತ್ತು ಅವು; ಸಂಖ್ಯೆಗಳು ಮಾತ್ರ ಹಳೆಯ ದೊಡ್ಡ ಪಟ್ಟಿಯವೇ. ಅದರಲ್ಲಿ ಇಪ್ಪತ್ತಾರನೆಯ ಸಂಖ್ಯೆಯ ತಳಿ ಎಲ್ಲರ ಕಣ್ಣಿಗೂ ಬಿದ್ದಿತ್ತು. ದುಂಡನೆಯ ಗೆಡ್ಡೆ, ಮೇಲುಮೇಲಿನ ಕಣ್ಣು, ತೆಳುವಾದ ಹಳದಿ ಸಿಪ್ಪೆ, ಒಂದು ಬುಡಕ್ಕೆ ಕೈತುಂಬ ಇಳುವರಿ. ನಾನೇ ಸಸಿಯಿಂದ ಬೆಳೆಸಿದ್ದು. ಅದರ ಮೇಲೆ ನನಗಿದ್ದ ಆಸೆಯನ್ನು ಮುಚ್ಚಿಡಲು ಪ್ರಯತ್ನಿಸಿದವಳೂ ಅಲ್ಲ.

ಮರು ಮುಂಗಾರಿಗೆ ಕಟ್ಟಾಯದ ಕಡೆ ಎತ್ತರದ, ನೀರು ನಿಲ್ಲದ ಕೆಂಪು ಮಣ್ಣಿನ ಹೊಲ ಹಿಡಿದೆವು. ಅಲ್ಲಿ ಕಜ್ಜಿಯ ಮಾತು ಬರುವ ಮೊದಲೇ ಅಂಗಮಾರಿ ರೋಗ ಬಂತು. ಮೋಡ ಮುಚ್ಚಿಕೊಂಡ ಒಂದು ವಾರದಲ್ಲಿ ಎಲೆಯ ಅಂಚು ಕಪ್ಪಾಯಿತು, ಇನ್ನೊಂದು ವಾರದಲ್ಲಿ ಕಾಂಡಗಳು ಸುಟ್ಟಂತೆ ನಿಂತವು. ಔಷಧಿ ಹೊಡೆದ ಬೆನ್ನಿಗೇ ಮಳೆ ತೊಳೆಯುತ್ತಿತ್ತು. ಕೊನೆಗೆ ಕಿತ್ತಾಗ ಗೋಲಿಯಷ್ಟು ಗೆಡ್ಡೆಗಳು. ಹೋಲಿಕೆ ತಳಿಯಲ್ಲಿ ಒಂದೆರಡು ಚುಕ್ಕೆ ಇದ್ದವು, ಅದೂ ಹೊಲದ ಮೇಲ್ತುದಿಯಲ್ಲಿ ಮಾತ್ರ. ಇಪ್ಪತ್ತಾರು ಮತ್ತೆ ಚೊಕ್ಕಟ. ಅದರ ಚೊಕ್ಕಟಕ್ಕೆ ಮತ್ತೆ ಬೆಲೆಯಿಲ್ಲ.

ನಮ್ಮ ಕೇಂದ್ರದ ಮುಖ್ಯಸ್ಥರು ಕೆಟ್ಟವರಲ್ಲ. ಆದರೆ ಅವರಿಗೂ ಮೇಲೆ ಕೇಳುವವರಿದ್ದರು. ಯೋಜನೆಯ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಅವರು ನನ್ನನ್ನು ಕರೆಸಿ ನಿಧಾನವಾಗಿಯೇ ಹೇಳಿದರು: ಎರಡು ಬೆಳೆಯಲ್ಲೂ ಇಪ್ಪತ್ತಾರಕ್ಕೆ ಕಜ್ಜಿ ಬಂದಿಲ್ಲ ಎಂಬುದು ಸುಳ್ಳಲ್ಲವಲ್ಲ, ಅಷ್ಟನ್ನೇ ಬರೆದು ಕಜ್ಜಿ ನಿರೋಧಕ ತಳಿ ಎಂದು ಮುಂದಕ್ಕೆ ಕಳಿಸೋಣ, ಉಳಿದವನ್ನು ಶೈತ್ಯಾಗಾರದಿಂದ ತೆಗೆದು ಜಾಗ ಖಾಲಿ ಮಾಡೋಣ. ನಾನು ಆಗುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನ್ನೊಂದು ಬೆಳೆ ನೋಡಿ. ಮೂರನೇ ಸಲವೂ ಕೈಯಲ್ಲಿ ಏನೂ ಇಲ್ಲ ಅಂದ್ರೆ ಇಪ್ಪತ್ತಾರನ್ನ ಕಳಿಸ್ತೀನಿ, ಗೊತ್ತಿರಲಿ."

ಆ ಮಾತು ಹೊತ್ತುಕೊಂಡೇ ಮತ್ತೆ ಹಳೇಕೋಟೆಗೆ ಹೋದೆ. ಈ ಬಾರಿ ಮುಂಗಾರು ಬೇಡ, ದಸರಾ ಕಳೆದ ಮೇಲೆ ಹಾಕೋಣ, ಮಳೆ ಹಿಂದಾಗಿರುತ್ತದೆ, ನೀರು ನಮ್ಮ ಕೈಯಲ್ಲಿರುತ್ತದೆ ಎಂದು ನಾನೂ ರೋಗಶಾಸ್ತ್ರಜ್ಞರೂ ಯೋಚಿಸಿದ್ದೆವು. ಯಜಮಾನಿಯ ಕೊಳವೆ ಬಾವಿಯಲ್ಲಿ ನೀರಿತ್ತು, ಡ್ರಿಪ್ ಪೈಪು ಎಳೆದಿದ್ದರು. ಜೊತೆಗೆ ರೋಗ ಬಂದೇ ತೀರಬೇಕೆಂದು ಸೂಕ್ಷ್ಮಾಣುವನ್ನು ನಾವೇ ಬೆಳೆಸಿ ಮಣ್ಣಿಗೆ ಬೆರೆಸುವುದೆಂದು ನಿರ್ಧರಿಸಿದೆವು.

ಅದನ್ನು ಬೆಳೆಸಿದ್ದು ರೋಗಶಾಸ್ತ್ರಜ್ಞರು. ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಮನುಷ್ಯ, ಮಾತಿಗಿಂತ ನಿಟ್ಟುಸಿರು ಹೆಚ್ಚು. ಆ ಹೊಲದ ಬದುವಿನಲ್ಲಿ ತಾನಾಗಿ ಎದ್ದಿದ್ದ ಗಿಡದ ಕಜ್ಜಿ ಗೆಡ್ಡೆಯ ಹುರುಕು ಕೆರೆದು, ಪ್ರಯೋಗಾಲಯದ ತಟ್ಟೆಯಲ್ಲಿ ಬಿತ್ತಿ, ಹತ್ತಾರು ಬಗೆಯ ಸೂಕ್ಷ್ಮಾಣುಗಳ ನಡುವಿನಿಂದ ಇದೊಂದನ್ನು ಬೇರೆ ಮಾಡಿದ್ದರು. ಬೂದು ಬಣ್ಣದ, ಸೀಮೆಸುಣ್ಣದ ಪುಡಿಯಂಥ ಬೆಳವಣಿಗೆ. ತಟ್ಟೆಯ ಮುಚ್ಚಳ ತೆಗೆದರೆ ಒಣ ನೆಲಕ್ಕೆ ಮೊದಲ ಮಳೆ ಬಿದ್ದಾಗಿನ ವಾಸನೆ. ಅದನ್ನು ಬೇಯಿಸಿದ ಅಕ್ಕಿಯ ಮೇಲೆ ಬೆಳೆಸಿ, ಒಣಗಿಸಿ, ಮರಳಿಗೆ ಬೆರೆಸಿ ಚೀಲಗಳಲ್ಲಿ ತಂದೆವು.

ಚೀಲದಲ್ಲಿ ಏನಿದೆ ಎಂದು ಹೇಳಿದಾಗ ಯಜಮಾನಿ ಹಿಂದೆ ಸರಿದರು. "ರೋಗ ಓಡ್ಸ್ತೀವಿ ಅಂತ ಬಂದೋರು ರೋಗಾನೇ ಚೆಲ್ಲಕ್ ಬಂದ್ರಾ?" ಇದು ನಿಮ್ಮ ಹೊಲದಲ್ಲೇ ಇದ್ದದ್ದು, ಹೊರಗಿನಿಂದ ತಂದದ್ದಲ್ಲ ಎಂದೆ. ನಾವು ನೆಡುವ ಜಾಗಕ್ಕೆ ಮಾತ್ರ ಹಾಕುತ್ತೇವೆ, ಸುತ್ತ ಕಾಲುವೆ ತೋಡುತ್ತೇವೆ ಎಂದೆ. ಆಕೆ ಗಂಡನತ್ತ ನೋಡಿದರು. ಆಮೇಲೆ ಆಕೆಯೇ, "ಆಲೂಗೆಡ್ಡೆಗಂತೂ ಈ ವೊಲ ಸತ್ತೋಗೈತೆ. ಸತ್ತಿದ್ಕೆ ಇನ್ನೇನ್ ಸಾವು, ಆಕಿ" ಎಂದರು.

ನೆಟ್ಟೆವು. ಮೊಳಕೆ ಚೆನ್ನಾಗಿ ಬಂತು. ಮಣ್ಣು ಏರಿಸಿದೆವು. ಗಿಡ ಮೊಣಕಾಲು ಮಟ್ಟ ಬಂದಾಗ ಅಲ್ಲಲ್ಲಿ ಕೆದಕಿ ನೋಡಿದೆ. ಬೇರಿನ ಪಕ್ಕದ ಬಿಳಿ ಎಳೆಗಳ ತುದಿ ಕೊಕ್ಕೆಯಂತೆ ಬಾಗಿ ದಪ್ಪಗಾಗುತ್ತಿದ್ದವು. ಗೆಡ್ಡೆ ಕಟ್ಟಲು ಶುರುವಾಗಿತ್ತು. ಅಂದೇ ಡ್ರಿಪ್ ನಿಲ್ಲಿಸಿದೆವು. ಗಿಡ ಸಾಯದಷ್ಟು ಮಾತ್ರ, ನಾನು ಹೇಳಿದಾಗ ಮಾತ್ರ ನೀರು. ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಜೋತು ಬೀಳುತ್ತಿದ್ದವು. ದಾರಿಯಲ್ಲಿ ಹೋಗುವವರು, ನೀರಿಟ್ಟುಕೊಂಡು ಬೆಳೆ ಒಣಗಿಸುವವರನ್ನು ಇಲ್ಲೇ ಕಂಡಿದ್ದು ಎಂದು ಆಡಿಕೊಂಡರಂತೆ. ನಾನು ದಿನ ಬಿಟ್ಟು ದಿನ ಹಾಸನದಿಂದ ಹೋಗಿ ಮಣ್ಣು ಹಿಂಡಿ ನೋಡುತ್ತಿದ್ದೆ. ಮುಷ್ಟಿ ಬಿಚ್ಚಿದರೆ ಉದುರಬೇಕು. ಉದುರುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನಡೆಯುತ್ತಿದೆ ಅನ್ನಿಸಿತು.

ಹಾಗೆ ಅನ್ನಿಸಿದ ವಾರದಲ್ಲೇ ಒಂದು ಬೆಳಿಗ್ಗೆ ನಾವಿಬ್ಬರೂ ಹೋದರೆ ಅರ್ಧ ಹೊಲ ನೆನೆದು ಕಪ್ಪಗಿತ್ತು. ಸಾಲುಗಳ ನಡುವೆ ಹೆಜ್ಜೆ ಊರಿದರೆ ಕಾಲು ಹೂತುಹೋಗುತ್ತಿತ್ತು. ಎಲೆಗಳೆಲ್ಲ ನೆಟ್ಟಗೆ ನಿಂತಿದ್ದವು. ಯಜಮಾನಿಯ ಗಂಡ ಪಂಪ್ ಮನೆಯ ಹತ್ತಿರ ನಿಂತಿದ್ದರು. ನಾನು ಕೇಳುವ ಮೊದಲೇ ರೋಗಶಾಸ್ತ್ರಜ್ಞರಿಗೆ ಹೇಳಿದರು.

"ನಾನೇ ಬುಟ್ಟೆ ಸಾ. ಅವು ಅಂಗೆ ತಲೆ ಬಗ್ಗುಸ್ಕಂಡ್ ನಿಂತಿದ್ವು. ದಿನಾ ನೋಡ್ಕಂಡ್ ಓಗಾಕಾಯ್ತದಾ? ಕೈ ತಡೀನಿಲ್ಲ."

ನಾನು ಬಯ್ಯಬೇಕೆಂದು ಬಾಯಿ ತೆರೆದೆ. ಜೀವಮಾನವೆಲ್ಲ ಬಾಡಿದ ಗಿಡಕ್ಕೆ ನೀರು ಹಾಯಿಸುವುದನ್ನೇ ಮಾಡಿದ ಮನುಷ್ಯ ಎದುರಿಗೆ ನಿಂತಿದ್ದರು. ಬಾಯಿ ಮುಚ್ಚಿ, ಒದ್ದೆಯಾದ ಸಾಲುಗಳನ್ನು ಎಣಿಸಲು ಹೋದೆ. ಹೆಂಡತಿ ಮಾತ್ರ ಅವರ ಮೇಲೆ ಹರಿಹಾಯ್ದರು. ಅವರು ತಲೆ ಎತ್ತಲಿಲ್ಲ.

ನೀರು ಬೀಳದ ಅರ್ಧ ಇನ್ನೂ ಉಳಿದಿತ್ತು. ಪ್ರತಿ ತಳಿಯನ್ನೂ ಹೊಲದ ಬೇರೆಬೇರೆ ಕಡೆ ಹಾಕಿದ್ದರಿಂದ ಎಲ್ಲವೂ ಆ ಅರ್ಧದಲ್ಲೂ ಇದ್ದವು. ಅಷ್ಟರಿಂದಲೇ ಲೆಕ್ಕ ತೆಗೆಯಬಹುದು ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಅದಾದ ಕೆಲವೇ ದಿನಕ್ಕೆ ಸಮುದ್ರದ ಕಡೆ ಚಂಡಮಾರುತ ಎದ್ದಿದೆ ಎಂಬ ಸುದ್ದಿ ಬಂತು. ರಾಮನಾಥಪುರದ ಕಡೆ ಹೊಗೆಸೊಪ್ಪಿನ ಬೆಳೆಗಾರರ ಹತ್ತಿರ ದೊಡ್ಡ ಟಾರ್ಪಾಲುಗಳಿರುತ್ತವೆ ಎಂದು ಅರಕಲಗೂಡು ತಾಲ್ಲೂಕಿಗೆ ಓಡಿದೆವು. ಕೊಡಲು ಅವರಿಗೆ ಮನಸ್ಸಿರಲಿಲ್ಲ ಎಂದಲ್ಲ. ಆ ಮಳೆಗೆ ಅವರ ಸೊಪ್ಪೂ ಮುಚ್ಚಬೇಕಿತ್ತು. ಹರಿದ ಎರಡು ಸಿಕ್ಕವು. ಅವನ್ನು ಹೊಲಕ್ಕೆ ತಂದು ಗೂಟ ಹೊಡೆಯುವಷ್ಟರಲ್ಲಿ ಗಾಳಿ ಒಂದನ್ನು ಪಕ್ಕದ ಹೊಲಕ್ಕೆ ಎಸೆದಿತ್ತು. ಸೋನೆ ಮಳೆ ಹಿಡಿದದ್ದು ಬಿಡಲೇ ಇಲ್ಲ.

ಎರಡನೆಯ ದಿನ ನಾವಿಬ್ಬರೂ ಹಳೇಕೋಟೆಯ ಒಂದು ಸಣ್ಣ ಹೋಟೆಲಿನಲ್ಲಿ ಕುಳಿತಿದ್ದೆವು. ಮುಂದಿಟ್ಟ ಟೀ ತಣ್ಣಗಾಗಿತ್ತು. ಹೊರಗೆ ಶೀಟಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ರೋಗಶಾಸ್ತ್ರಜ್ಞರು ಅದನ್ನೇ ನೋಡುತ್ತ ಹೇಳಿದರು.

"ಮೇಡಂ, ಬಿಟ್ಟುಬಿಡೋಣ. ಇದ್ದದ್ದು ಇದ್ದಂಗೆ ಬರೆದು ಕೊಡೋಣ. ಅವರು ಇಪ್ಪತ್ತಾರನ್ನ ಕಳಿಸ್ತಾರೆ, ಕಳಿಸ್ಲಿ. ನಮ್ಮ ಕೈಲಿ ಆಗ್ಲಿಲ್ಲ."

ನನಗೆ ಅಳು ಬಂದಿತ್ತು, ಹೋಟೆಲಿನಲ್ಲಿ ಜನರಿದ್ದರು. ಕೈತೊಳೆಯುವ ನೆಪದಲ್ಲಿ ಎದ್ದು ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತೆ. ಇಪ್ಪತ್ತಾರು ಹೊರಗೆ ಹೋಗುತ್ತದೆ, ಯಾರೋ ಅದನ್ನು ನಂಬಿ ಕಜ್ಜಿ ಹೊಲಕ್ಕೆ ಹಾಕುತ್ತಾರೆ, ಒಂದು ಒಣ ವರ್ಷ ಬರುತ್ತದೆ. ಉಳಿದವುಗಳಲ್ಲಿ ಒಳ್ಳೆಯದೊಂದು ಇದ್ದರೂ ಶೈತ್ಯಾಗಾರದ ಹಿಂದಿನ ತಿಪ್ಪೆಗೆ ಬೀಳುತ್ತದೆ. ಅಲ್ಲಿ ನಿಂತಾಗಲೇ ಹೊಳೆದದ್ದು: ನೆಲದ ಕೆಳಗಿನದು ಹಾಳಾಗಿದೆ, ನೆಲದ ಮೇಲಿನ ಗಿಡ ಇನ್ನೂ ನಮ್ಮದೇ.

ಗೆಡ್ಡೆ ಕಟ್ಟಲು ಶುರುಮಾಡಿದ ಆಲೂಗಿಡದ ಒಂದು ಎಲೆಯನ್ನು, ಅದರ ಬುಡದ ಮೊಗ್ಗು ಮತ್ತು ಕಾಂಡದ ಚೂರಿನ ಸಮೇತ ಕತ್ತರಿಸಿ ಮೊಗ್ಗನ್ನು ಮಣ್ಣಿನಲ್ಲಿ ಹೂತರೆ, ಆ ಮೊಗ್ಗು ಚಿಗುರುವ ಬದಲು ದಪ್ಪಗಾಗಿ ಒಂದು ಪುಟ್ಟ ಗೆಡ್ಡೆಯಾಗುತ್ತದೆ. ಓದುವ ಕಾಲದಲ್ಲಿ ಒಮ್ಮೆ ಮಾಡಿದ್ದೆ, ಆಮೇಲೆ ಬೇಕಾಗಿರಲಿಲ್ಲ. ಮಣ್ಣು ನಮ್ಮದು, ನೀರು ನಮ್ಮದು, ಮೇಲೆ ಕೇಂದ್ರದ ಪಾಲಿಹೌಸಿನ ಪ್ಲಾಸ್ಟಿಕ್ ಹೊದಿಕೆ. ಮಳೆ ಮುಟ್ಟುವಂತಿಲ್ಲ. ಆದರೆ ಇದಕ್ಕಾಗಿ ಹೊಲದ ಗಿಡಗಳನ್ನು ಎಲೆ ಉಳಿಯದಂತೆ ಕತ್ತರಿಸಬೇಕು. ಅಲ್ಲಿಗೆ ಹೊಲದ ಪ್ರಯೋಗ ಮುಗಿದಂತೆ. ಇದೂ ಕೈಕೊಟ್ಟರೆ ಏನೂ ಉಳಿಯುವುದಿಲ್ಲ.

ರೋಗಶಾಸ್ತ್ರಜ್ಞರಿಗೆ ಹೇಳಿದೆ. ಅವರು ಟೀ ಕಾಸು ಕೊಟ್ಟು ಕೊಡೆ ತೆಗೆದುಕೊಂಡರು.

ಮಳೆಯಲ್ಲೇ ಕತ್ತರಿಸಿದೆವು. ಯಜಮಾನಿ ಗೋಣಿ ಕೊಪ್ಪೆ ಹಾಕಿಕೊಂಡು ಬಂದು, ಒಂದೊಂದು ತಳಿಯ ಎಲೆಗಳನ್ನೂ ಒದ್ದೆ ಕಾಗದದಲ್ಲಿ ಸುತ್ತಿ ನಾನು ಬರೆದುಕೊಟ್ಟ ಚೀಟಿ ಕಟ್ಟಿದರು. ಅವರ ಗಂಡ ಕೊಡೆ ಹಿಡಿದು ನನ್ನ ಜೊತೆ ಸಾಲಿನಿಂದ ಸಾಲಿಗೆ ಬಂದರು. ಸಂಜೆ ಹೊತ್ತಿಗೆ ಹಸಿರು ಹೊಲ ಬರೀ ಕಡ್ಡಿಗಳಾಗಿತ್ತು.

ಹಾಸನಕ್ಕೆ ತಂದು ಸಣ್ಣ ಕುಂಡಗಳಲ್ಲಿ, ಬೇಯಿಸಿ ಶುದ್ಧ ಮಾಡಿದ ಮಣ್ಣಿಗೆ ಸೂಕ್ಷ್ಮಾಣುವಿನ ಮರಳು ಬೆರೆಸಿ ನೆಟ್ಟೆವು. ಕಷ್ಟ ಅಲ್ಲಿಂದ ಶುರುವಾಯಿತು. ಬೇರಿಲ್ಲದ ಎಲೆ ಬದುಕಬೇಕಾದರೆ ಗಾಳಿಯಲ್ಲಿ ತೇವ ಬೇಕು. ಕಜ್ಜಿ ಬರಬೇಕಾದರೆ ಮಣ್ಣು ಒಣಗಿರಬೇಕು. ತೇವ ಹೆಚ್ಚಾದ ಕಡೆ ಎಲೆಯ ತೊಟ್ಟು ಕೊಳೆತು ಲೋಳೆಯಾಯಿತು. ಕಡಿಮೆಯಾದ ಕಡೆ ಎಲೆ ಹಪ್ಪಳದಂತೆ ಒಣಗಿತು. ಬೆಳಿಗ್ಗೆ ಪಾಲಿಹೌಸಿನ ಬಾಗಿಲು ತೆಗೆಯಲು ಹೆದರಿಕೆಯಾಗುತ್ತಿತ್ತು. ದಿನವೂ ಕೆಲವು ಕುಂಡ ಹೊರಗೆ ಹಾಕುತ್ತಿದ್ದೆ. ಕೊನೆಗೆ ಕುಂಡದ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸೀಳು ಮಾಡಿ ಎಲೆಯನ್ನು ಮಾತ್ರ ಹೊರಗೆ ಬಿಟ್ಟು, ಎಲೆಗಷ್ಟೇ ಮಂಜಿನಂತೆ ನೀರು ಸಿಂಪಡಿಸಿದೆವು. ಸಾವು ನಿಂತಿತು. ಆ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೋಗಿದ್ದವು. ಕೆಲವು ತಳಿಗಳಲ್ಲಿ ಒಂದೂ ಉಳಿದಿರಲಿಲ್ಲ. ಮುಖ್ಯಸ್ಥರು ಒಮ್ಮೆ ಬಂದು ಕಣ್ಣಾಡಿಸಿ, ಬಟಾಣಿ ಗಾತ್ರದ ಗೆಡ್ಡೆ ನೋಡಿ ತಳಿಯ ಹಣೆಬರಹ ಹೇಳುತ್ತೀರಾ ಎಂದು ಕೇಳಿ ಹೋದರು.

ಎಲೆಗಳು ತಾವಾಗಿ ಹಳದಿಯಾದ ಮೇಲೆ ಕುಂಡ ಬಿಚ್ಚಿದೆವು. ಮೊದಲು ಹೋಲಿಕೆ ತಳಿ. ರೋಗಶಾಸ್ತ್ರಜ್ಞರು ಕುಂಡವನ್ನು ಅಂಗೈ ಮೇಲೆ ಕವುಚಿ ಮಣ್ಣು ಉದುರಿಸಿ ಗೆಡ್ಡೆಯನ್ನು ನೀರಿನಲ್ಲಿ ಅದ್ದಿದರು. ಕಂದು ಹುರುಕು, ಮಧ್ಯೆ ಕುಳಿ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅವರು ಮುಖ ಆಚೆ ತಿರುಗಿಸಿಕೊಂಡರು. ಎರಡು ವರ್ಷ ನಾವು ಕಾದಿದ್ದು ಆ ಕೊಳಕು ಹುರುಕಿಗೆ.

ಇಪ್ಪತ್ತಾರನೆಯದನ್ನು ನಾನೇ ತೆಗೆದೆ. ಬದುಕುಳಿದ ಕುಂಡಗಳು ಅದರದೇ ಹೆಚ್ಚು. ಮೊದಲ ಗೆಡ್ಡೆ ತೊಳೆದೆ. ಸಿಪ್ಪೆ ಕಾಣದಷ್ಟು ಕಜ್ಜಿ. ಎಲ್ಲವನ್ನೂ ತೊಳೆದೆ. ಹೋಲಿಕೆ ತಳಿಗಿಂತ ಹದಗೆಟ್ಟಿತ್ತು. ಎರಡು ಬೆಳೆಯಲ್ಲಿ ನಾವು ಕಂಡ ಚೆಲುವೆಲ್ಲ ಮಳೆ ಕೊಟ್ಟಿದ್ದು.

ಉಳಿದವೂ ಒಂದಾದ ಮೇಲೊಂದು ಹಾಗೆಯೇ ಬಂದವು. ನಲವತ್ತೊಂದು ಎಂಬ ಒಂದು ತಳಿ ಮಾತ್ರ ಬೇರೆಯಾಗಿತ್ತು. ಆಳ ಕಣ್ಣಿನ, ಒಡ್ಡೊಡ್ಡಾದ, ಬೇಯಿಸಿದರೆ ಅಂಟುವ ಗೆಡ್ಡೆ, ಇಳುವರಿಯೂ ಅಷ್ಟಕ್ಕಷ್ಟೆ. ಕಳೆದ ವರ್ಷವೇ ಕೈಬಿಡಬೇಕೆಂದಿದ್ದೆವು. ಅದರ ಕೆಲವೇ ಕುಂಡ ಉಳಿದಿದ್ದವು. ಅವುಗಳ ಗೆಡ್ಡೆಗಳ ಮೇಲೆ ಅಲ್ಲೊಂದು ಇಲ್ಲೊಂದು ಸೂಜಿಮೊನೆಯಷ್ಟು ಕಲೆ, ಅಷ್ಟೇ. ಅಷ್ಟರಿಂದ ಗೆದ್ದೆವು ಎನ್ನುವಂತಿಲ್ಲ. ಅಲ್ಲದೆ ಅದನ್ನು ಯಾವ ರೈತನೂ ಬೆಳೆಯುವುದಿಲ್ಲ. ಬೆಟ್ಟದ ಕೇಂದ್ರಕ್ಕೆ ಕಳಿಸಿ, ಒಳ್ಳೆಯ ತಳಿಯ ಜೊತೆ ಸಂಕರ ಮಾಡಿಸಿ, ಬೀಜದಿಂದ ಮತ್ತೆ ಶುರುಮಾಡಬೇಕು. ಇನ್ನೂ ಹತ್ತು ವರ್ಷದ ಕೆಲಸ, ನನ್ನ ಸೇವೆ ಅಷ್ಟು ಉಳಿದಿಲ್ಲ.

ಇಪ್ಪತ್ತಾರರ ಗೆಡ್ಡೆಗಳನ್ನು ತಟ್ಟೆಯಲ್ಲಿಟ್ಟು ಮುಖ್ಯಸ್ಥರ ಮೇಜಿಗೆ ಒಯ್ದೆ. ಅವರು ಒಂದನ್ನು ಉಗುರಿನಿಂದ ಕೆರೆದರು. ಇಪ್ಪತ್ತಾರು ಆಮೇಲೆ ಮುಂದಕ್ಕೆ ಹೋಗಲಿಲ್ಲ. ಯೋಜನೆಯೂ ಮುಂದುವರಿಯಲಿಲ್ಲ. ಶೈತ್ಯಾಗಾರದಲ್ಲಿ ನಲವತ್ತೊಂದಕ್ಕೆಂದು ಒಂದು ಮೂಲೆ ಬಿಟ್ಟುಕೊಟ್ಟರು. ಅಷ್ಟನ್ನು ಅವರಾಗಿಯೇ ಮಾಡಿದರು, ನಾನು ಕೇಳಿರಲಿಲ್ಲ.

ಆ ವಾರವೇ ಹಳೇಕೋಟೆಗೆ ಹೋದೆ. ಹೇಳಿದ್ದನ್ನೆಲ್ಲ ಯಜಮಾನಿ ಜಗಲಿಯ ಮೇಲೆ ಕುಳಿತು ಕೇಳಿದರು. ಆಮೇಲೆ ಎದ್ದು, ಬನ್ನಿ ಎಂದು ಹಿತ್ತಿಲಿಗೆ ಕರೆದುಕೊಂಡು ಹೋದರು. ಪಾತ್ರೆ ತೊಳೆದ ನೀರು ಹರಿಯುವ ಕಡೆ ಎರಡು ಸಾಲು ಆಲೂಗಿಡ ಹಳದಿಯಾಗಿ ಮಲಗಿದ್ದವು. ಮೊದಲ ವರ್ಷ ನಾವು ಸಾರು ಮಾಡಿಕೊಳ್ಳಲೆಂದು ಬಿಟ್ಟುಬಂದಿದ್ದ ಇಪ್ಪತ್ತಾರರಲ್ಲಿ ನಾಲ್ಕು ಗೆಡ್ಡೆ ಎತ್ತಿಟ್ಟು ಬೆಳೆಸಿಕೊಂಡು ಬಂದಿದ್ದರಂತೆ. ನನಗೆ ಅಂದೇ ಗೊತ್ತಾದದ್ದು. ಅವರ ಗಂಡ ಒಂದು ಬುಡ ಕಿತ್ತು ಒದರಿದರು. ದುಂಡನೆಯ, ಹೊಳೆಯುವ, ಒಂದು ಕಲೆಯೂ ಇಲ್ಲದ ಗೆಡ್ಡೆಗಳು.

"ಇದ್ಯಾಕೆ ಅಂಗಾರೆ ಚೆಂದಾಗದೆ?" ಎಂದು ಅವರು ಕೇಳಿದರು. ಇಷ್ಟು ದಿನದಲ್ಲಿ ನನ್ನನ್ನೇ ನೋಡಿ ಅವರಾಡಿದ ಮೊದಲ ಮಾತು.

ಇಲ್ಲಿ ದಿನಾ ನೀರು ಹರಿಯುತ್ತದೆ, ಅದಕ್ಕೆ, ಎಂದೆ. ಚೀಲದಿಂದ ಕುಂಡದ ಗೆಡ್ಡೆಗಳನ್ನು ತೆಗೆದು ತೋರಿಸಿದೆ. ಎರಡೂ ಒಂದೇ, ಒಣ ಹೊಲಕ್ಕೆ ಹೋದರೆ ಇದು ಹೀಗಾಗುತ್ತದೆ ಎಂದೆ. ಹೇಳುವಾಗ ನನಗೇ ನನ್ನ ಮಾತು ನಂಬುವಂತೆ ಕೇಳಿಸಲಿಲ್ಲ. ಯಜಮಾನಿ ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದರು. ಅವರ ಅಕ್ಕನನ್ನು ಅರಕಲಗೂಡಿನ ಕಡೆ ಕೊಟ್ಟಿತ್ತು. ಈ ಸಲ ಬಿತ್ತನೆಗೆ ಇದನ್ನೇ ಕೊಡುತ್ತೇನೆಂದು ಮಾತಾಗಿತ್ತಂತೆ. ಅಕ್ಕನ ಹೊಲ ಮಳೆ ನಂಬಿದ್ದು, ನೀರಿನ ಅನುಕೂಲವಿಲ್ಲ.

ಆಕೆ ಗಂಡನಿಗೆ, ಎಲ್ಲಾ ಕಿತ್ತು ಒಳಗೆ ಹಾಕಿ, ಬೇಯಿಸಿಕೊಂಡು ತಿನ್ನೋಣ, ಒಂದನ್ನೂ ಬಿತ್ತನೆಗೆ ಇಡಬೇಡಿ ಎಂದರು. ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದರು. ನಾನು ಅಲ್ಲೇ ನಿಂತಿದ್ದೆ.

"ಅಕ್ಕಾ, ಗೆಡ್ಡೆ ಕೊಡಾಕಿಲ್ಲ ಕಣಕ್ಕ." ಆ ಕಡೆಯಿಂದ ಏನೋ ಜೋರಾಗಿ ಕೇಳಿಸಿತು. ಆಕೆ ಕಾಲ ಬುಡದಲ್ಲಿ ಬಿದ್ದಿದ್ದ ಗೆಡ್ಡೆಗಳನ್ನು ನೋಡುತ್ತಲೇ ಹೇಳಿದರು. "ಇಲ್ಲ, ಕೆಟ್ಟಿಲ್ಲ. ಭಾಳ ಚೆಂದಾಗವೆ. ಅದುಕ್ಕೇ ಕೊಡಾಕಿಲ್ಲ."